‘ಓಆರ್‌ಎಸ್’ ಹೆಸರು ಪ್ಯಾಕೆಟಿನಿಂದ ಹೋಯಿತು, ಮನೆಯ ಅಭ್ಯಾಸ ಬದಲಾಯಿತೇ?

ಮಕ್ಕಳಿಗೆ ವಾಂತಿ-ಭೇದಿ ಶುರುವಾದರೆ ಮೆಡಿಕಲ್‌ಗೆ ಹೋಗಿ ‘ಓಆರ್‌ಎಸ್ ಕೊಡಿ’ ಎಂದು ಕೇಳುವುದು ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಹೊಸ ವಿಷಯವೇನಲ್ಲ. ಆದರೆ ಹಾಗೆ ಕೇಳಿದವರ ಕೈಗೆ ಇಷ್ಟು ವರ್ಷ ಬರುತ್ತಿದ್ದ ಬಣ್ಣ ಬಣ್ಣದ ರೆಡಿಮೇಡ್ ಪ್ಯಾಕೆಟುಗಳಲ್ಲಿ ಹಲವು ಓಆರ್‌ಎಸ್ಸೇ ಆಗಿರಲಿಲ್ಲ. ಅವು ಬರೀ ಸಿಹಿ ಪಾನೀಯಗಳಾಗಿದ್ದವು. 2025ರ ಅಕ್ಟೋಬರ್ 14ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಆದೇಶ ಹೊರಡಿಸಿ, ಯಾವುದೇ ಆಹಾರ ಪಾನೀಯದ ಹೆಸರಿನಲ್ಲಿ ‘ಓಆರ್‌ಎಸ್’ ಎಂಬ ಅಕ್ಷರಗಳು ಇರಕೂಡದು ಎಂದಿತು. ಹೆಸರಿನ ಹಿಂದೆ, ಮುಂದೆ ಏನೇ ಸೇರಿಸಿದರೂ ಸರಿ, ಆ ಮೂರಕ್ಷರ ಬಳಸುವಂತಿಲ್ಲ.

ಒಳ್ಳೆಯ ಆದೇಶವೇ. ಆದರೆ ಹೆಸರು ಅಳಿಸಿದ ಮಾತ್ರಕ್ಕೆ ಭೇದಿಯಾದ ಮಗುವಿನ ಬಾಯಿಗೆ ಸರಿಯಾದ ಔಷಧ ಬೀಳುತ್ತದೆಯೇ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಎಂಟು ವರ್ಷದ ಹೋರಾಟ

ಈ ಆದೇಶ ತಾನಾಗಿ ಬಂದದ್ದಲ್ಲ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಸುಮಾರು ಎಂಟು ವರ್ಷ ಇದರ ಹಿಂದೆ ಬಿದ್ದಿದ್ದರು. ‘ಓಆರ್‌ಎಸ್ ಕುಡಿಸಿದ್ದೇವೆ, ಆದರೂ ಭೇದಿ ನಿಲ್ಲುತ್ತಿಲ್ಲ’ ಎಂದು ಬರುವ ತಂದೆ-ತಾಯಂದಿರ ಕೈಯಲ್ಲಿ ಇರುತ್ತಿದ್ದುದು ಸಕ್ಕರೆ ತುಂಬಿದ ಪಾನೀಯ. ಪತ್ರ ಬರೆದರು, ವಿಡಿಯೊ ಮಾಡಿದರು, ತೆಲಂಗಾಣ ಹೈಕೋರ್ಟಿಗೂ ಹೋದರು.

ನಡುವೆ ಪ್ರಾಧಿಕಾರವೇ ಸಡಿಲ ಬಿಟ್ಟಿತ್ತು. 2022ರ ಜುಲೈ 14 ಮತ್ತು 2024ರ ಫೆಬ್ರವರಿ 2ರ ಆದೇಶಗಳ ಪ್ರಕಾರ, ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಅಲ್ಲ’ ಎಂಬ ಸೂಚನೆ ಹಾಕಿದರೆ ಟ್ರೇಡ್‌ಮಾರ್ಕಿನಲ್ಲಿ ಆ ಅಕ್ಷರಗಳನ್ನು ಇಟ್ಟುಕೊಳ್ಳಬಹುದಿತ್ತು. ಎದುರಿಗೆ ದಪ್ಪಕ್ಷರದಲ್ಲಿ ‘ಓಆರ್‌ಎಸ್’, ಬದಿಯಲ್ಲಿ ಸಣ್ಣಕ್ಷರದಲ್ಲಿ ‘ಇದು ಓಆರ್‌ಎಸ್ ಅಲ್ಲ’. ಮಧ್ಯರಾತ್ರಿ ಮಗುವನ್ನು ಎತ್ತಿಕೊಂಡು ಓಡುವವರು ಯಾವುದನ್ನು ಓದುತ್ತಾರೆ?

2025ರ ಅಕ್ಟೋಬರ್ ಆದೇಶ ಆ ಎರಡೂ ಅನುಮತಿಗಳನ್ನು ರದ್ದು ಮಾಡಿತು. ಕಂಪೆನಿಗಳು ದಿಲ್ಲಿ ಹೈಕೋರ್ಟ್ ಮೆಟ್ಟಿಲೇರಿದವು. ಒಂದು ಕಂಪೆನಿಗೆ ಆರಂಭದಲ್ಲಿ ತಾತ್ಕಾಲಿಕ ರಿಯಾಯಿತಿ ಸಿಕ್ಕಿತಾದರೂ, ತಿಂಗಳ ಕೊನೆಯ ಹೊತ್ತಿಗೆ ಸಾರ್ವಜನಿಕ ಆರೋಗ್ಯದ ಕಾರಣ ಮುಂದಿಟ್ಟು ನ್ಯಾಯಾಲಯ ನಿಷೇಧದಲ್ಲಿ ಕೈಹಾಕಲು ನಿರಾಕರಿಸಿತು. ನವೆಂಬರಿನಲ್ಲಿ ಅಂಗಡಿ ಮತ್ತು ಆನ್‌ಲೈನ್‌ನಿಂದ ಇಂಥ ಪಾನೀಯಗಳನ್ನು ತೆಗೆಸುವಂತೆ ರಾಜ್ಯಗಳಿಗೆ ಸೂಚನೆ ಹೋಯಿತು. ಇದು ಕೇಂದ್ರದ ಕಾನೂನು. ತಲಪಾಡಿಯ ಈಚೆಗೂ ಆಚೆಗೂ ಒಂದೇ.

ಸಕ್ಕರೆ ಹೆಚ್ಚಾದರೆ ಏನಾಗುತ್ತೆ?

‘ಸ್ವಲ್ಪ ಸಿಹಿ ಜಾಸ್ತಿ ಇದ್ದರೆ ಮಗು ಖುಷಿಯಿಂದ ಕುಡೀತದೆ, ಅದರಲ್ಲೇನು ತಪ್ಪು’ ಅಂತ ಕೇಳುವವರಿದ್ದಾರೆ. ತಪ್ಪು ಇರುವುದು ಲೆಕ್ಕದಲ್ಲಿ.

ದೇಹದ ನೀರು ಬರೀ ನೀರಲ್ಲ. ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ನಂಥ ಲವಣಗಳು ಕರಗಿರುತ್ತವೆ. ಇವೇ ಎಲೆಕ್ಟ್ರೋಲೈಟುಗಳು. ನರಗಳ ಸಂದೇಶ, ಸ್ನಾಯುಗಳ ಚಲನೆ, ಹೃದಯದ ಬಡಿತ ಎಲ್ಲವೂ ಇವುಗಳ ಮೇಲೆ ನಿಂತಿವೆ. ಆರೋಗ್ಯವಂತರ ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್, ಪೊಟ್ಯಾಸಿಯಂ 3.5ರಿಂದ 5ರ ಆಸುಪಾಸು ಇರಬೇಕು. ಈ ಗೆರೆ ತೀರಾ ಆಚೀಚೆ ಆದರೆ ಸುಸ್ತು, ಸ್ನಾಯು ಸೆಳೆತ, ಗೊಂದಲ, ಫಿಟ್ಸ್, ಹೃದಯ ಬಡಿತದ ಏರುಪೇರು ಆಗಬಹುದು. ಭೇದಿಯಲ್ಲಿ ನೀರಿನೊಂದಿಗೆ ಈ ಲವಣಗಳೂ ಹೊರಹೋಗುತ್ತವೆ. ದೊಡ್ಡವರು ಒಂದಷ್ಟು ಹೊತ್ತು ತಡೆದುಕೊಳ್ಳುತ್ತಾರೆ. ಐದು ಕೆ.ಜಿ. ತೂಕದ ಕೂಸು ಕೆಲವೇ ಗಂಟೆಗಳಲ್ಲಿ ಬಾಡಿಹೋಗುತ್ತದೆ.

ಸಣ್ಣ ಕರುಳಿನ ಗೋಡೆಯಲ್ಲಿ ಒಂದು ‘ಬಾಗಿಲು’ ಇದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಅದು ತೆರೆಯುತ್ತದೆ. ಅವೆರಡೂ ಒಳಹೋದಾಗ ನೀರು ಅವುಗಳ ಹಿಂದೆಯೇ ಹೋಗುತ್ತದೆ. ಭೇದಿ ಜೋರಾಗಿರುವಾಗಲೂ ಈ ಬಾಗಿಲು ಕೆಲಸ ಮಾಡುತ್ತದೆ. ಓಆರ್‌ಎಸ್ ಗೆದ್ದದ್ದು ಇದರಿಂದಲೇ. ಆದರೆ ಸಕ್ಕರೆ ವಿಪರೀತವಾಗಿ ಉಪ್ಪು ಕಡಿಮೆಯಾದರೆ ಲೆಕ್ಕ ಉಲ್ಟಾ. ಹೀರಿಕೊಳ್ಳಲಾಗದ ಸಕ್ಕರೆ ಕರುಳಲ್ಲೇ ಉಳಿದು ದೇಹದ ನೀರನ್ನು ತನ್ನ ಕಡೆಗೆ ಎಳೆಯುತ್ತದೆ, ಭೇದಿ ಇನ್ನೂ ಹೆಚ್ಚುತ್ತದೆ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಷ್ಟು ಕಟ್ಟುನಿಟ್ಟು. ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಒಟ್ಟು 20.5 ಗ್ರಾಂ. ಮಾರುಕಟ್ಟೆಯಲ್ಲಿದ್ದ ಕೆಲವು ಪಾನೀಯಗಳಲ್ಲಿ ಲೀಟರಿಗೆ 100 ಗ್ರಾಮಿಗೂ ಮೀರಿ ಸಕ್ಕರೆ ಇದೆ ಎಂಬುದೇ ಡಾ. ಶಿವರಂಜನಿ ಅವರ ದೂರಿನ ತಿರುಳಾಗಿತ್ತು.

ಶಿಬಿರದಲ್ಲಿ ಸಾಬೀತಾದ ಔಷಧ

ಈ ಪುಡಿಯ ಬೆಲೆ ಕಡಿಮೆ ಎಂದು ಅದನ್ನು ಹಗುರವಾಗಿ ಕಾಣುವವರು ಬಾಂಗ್ಲಾ ವಿಮೋಚನೆಯ ಕಾಲವನ್ನು ನೆನಪಿಸಿಕೊಳ್ಳಬೇಕು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದರು. ಡ್ರಿಪ್ ಬಾಟಲಿಗಳು ಮುಗಿದುಹೋಗಿದ್ದವು. ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಬಹುಶಃ ಆ ಶತಮಾನದ ಅತಿ ಮಹತ್ವದ ವೈದ್ಯಕೀಯ ಸಾಧನೆ ಎಂದು ಬಣ್ಣಿಸಿತು. ಮಹಲನಾಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಆ ಶಿಬಿರದಲ್ಲಿ ಡಾಕ್ಟರ್, ನರ್ಸ್ ಎಲ್ಲರ ಕೊರತೆ ಇತ್ತು. ಕೆಲಸ ಮಾಡಿದ್ದು ಸರಿಯಾದ ಅಳತೆ ಮತ್ತು ಪಕ್ಕದಲ್ಲಿ ಕೂತು ಕುಡಿಸಿದ ಮನೆಯವರ ತಾಳ್ಮೆ.

ಕೇಳುವವರೇ ಇಲ್ಲ ಎಂದುಕೊಂಡ ಡಾಕ್ಟರುಗಳು

ಐವತ್ತು ವರ್ಷ ದಾಟಿದೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಕ್ಕಿದ್ದು ಸುಮಾರು ಶೇ. 61 ಮಂದಿಗೆ ಮಾತ್ರ. ಜೊತೆಗೆ ಕೊಡಬೇಕಾದ ಝಿಂಕ್ ಸಿಕ್ಕಿದ್ದು ಮೂರರಲ್ಲಿ ಒಬ್ಬರಿಗೂ ಇಲ್ಲ.

ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕಿದ ಒಂದು ದೊಡ್ಡ ಅಧ್ಯಯನ ನಡೆದದ್ದು ಕರ್ನಾಟಕ ಮತ್ತು ಬಿಹಾರದಲ್ಲಿ. 2024ರ ಫೆಬ್ರವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ವರ್ಷದ ಮಗುವಿಗೆ ಭೇದಿ ಎಂದು ಹೇಳಿಕೊಂಡು, ತಂದೆಯ ವೇಷದ ನಟರು ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ ಹೋದರು. ಕೆಲವರು ‘ಓಆರ್‌ಎಸ್ ಆಗಬಹುದಲ್ವಾ’ ಎಂದು ಕೇಳಿದರು, ಕೆಲವರು ಆ್ಯಂಟಿಬಯೋಟಿಕ್ ಬಗ್ಗೆ ಕೇಳಿದರು, ಇನ್ನು ಕೆಲವರು ಏನೂ ಕೇಳಲಿಲ್ಲ.

ಫಲಿತಾಂಶ ಎಲ್ಲರ ಅಂದಾಜನ್ನು ತಲೆಕೆಳಗು ಮಾಡಿತು. ಓಆರ್‌ಎಸ್ ಬರೆಯದಿರಲು ಮುಖ್ಯ ಕಾರಣ ಲಾಭವೂ ಅಲ್ಲ, ಸ್ಟಾಕ್ ಇಲ್ಲದಿರುವುದೂ ಅಲ್ಲ. ಅವೆರಡರ ಪಾಲು ತಲಾ ಶೇ. 5-6 ಮಾತ್ರ. ಶೇ. 42ರಷ್ಟು ಪಾಲು ‘ರೋಗಿಗಳಿಗೆ ಓಆರ್‌ಎಸ್ ಬೇಡ, ಅವರಿಗೆ ಇದು ಔಷಧ ಅಂತ ಅನಿಸುವುದಿಲ್ಲ’ ಎಂಬ ಚಿಕಿತ್ಸಕರ ತಪ್ಪು ಕಲ್ಪನೆಯದು. ತಂದೆ ತಾನಾಗಿ ಓಆರ್‌ಎಸ್ ಕೇಳಿದ ಕಡೆ ಅದನ್ನು ಬರೆದುಕೊಡುವ ಪ್ರಮಾಣ 27 ಅಂಶ ಏರಿತು.

ಅಂದರೆ ಕೊಡುವವರ ಕೈ ಹಿಡಿದದ್ದು ಕೇಳುವವರ ಮೌನ. ‘ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ’ ಎಂಬ ಒತ್ತಾಯಕ್ಕೆ ಕರಾವಳಿಯಲ್ಲಿ ಕೊರತೆ ಇಲ್ಲ. ಆ ಜಾಗದಲ್ಲಿ ‘ಓಆರ್‌ಎಸ್, ಝಿಂಕ್ ಬರೆದುಕೊಡಿ’ ಎಂಬ ಮಾತು ಬಂದರೆ ಎಷ್ಟೋ ಮಕ್ಕಳ ಡ್ರಿಪ್ ತಪ್ಪಿಸಬಹುದು.

ಬಿಸಿಲು, ಗಲ್ಫ್ ಮತ್ತು ನೋಂಬು

ಇದು ಮಕ್ಕಳ ವಿಷಯ ಮಾತ್ರ ಅಲ್ಲ. 2025ರ ಫೆಬ್ರವರಿ ಕೊನೆಯಲ್ಲೇ ಕಾಸರಗೋಡು, ಕಣ್ಣೂರು ಜಿಲ್ಲೆಗಳಿಗೆ ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಈ ಭಾಗದ ಸಾವಿರಾರು ಮನೆಗಳ ಅನ್ನ ಗಲ್ಫಿನ ಬಿಸಿಲಲ್ಲಿ ಬೇಯುತ್ತದೆ. ಅಲ್ಲಿನ ಸರಕಾರಗಳು ಮಧ್ಯಾಹ್ನದ ಹೊರಾಂಗಣ ಕೆಲಸಕ್ಕೆ ತಡೆ ಹಾಕಿರುವುದೂ ಇದೇ ಕಾರಣಕ್ಕೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3, ಸೌದಿಯಲ್ಲಿ ಅದೇ ಅವಧಿಯಲ್ಲಿ 12ರಿಂದ 3, ಕತಾರ್‌ನಲ್ಲಿ ಜೂನ್ 1ರಿಂದ ಬೆಳಗ್ಗೆ 10ರಿಂದ 3.30. ಯುಎಇಯ ನಿಯಮದಲ್ಲಿ ಕೆಲಸಗಾರರಿಗೆ ನೆರಳು, ತಣ್ಣೀರಿನ ಜೊತೆ ಲವಣದ ಪೂರೈಕೆಯೂ ಸೇರಿದೆ. ಅದು ಮಾಲೀಕರ ಔದಾರ್ಯವಲ್ಲ, ಕೆಲಸಗಾರನ ಹಕ್ಕು.

ಗಂಟೆಗಟ್ಟಲೆ ಬೆವರುವವರು ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿಯಬಹುದು. ತಲೆನೋವು, ವಾಕರಿಕೆ, ಗೊಂದಲ ಕಂಡಾಗ ‘ಇನ್ನೂ ನೀರು ಕುಡಿ’ ಎನ್ನುವುದು ಆಗ ಅಪಾಯ. ಊಟದಲ್ಲಿ ಉಪ್ಪು, ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ಶರಬತ್ತು, ಬೇಕಾದರೆ ಓಆರ್‌ಎಸ್ ಇರಲಿ. ಎನರ್ಜಿ ಡ್ರಿಂಕ್ ಇದಕ್ಕೆ ಬದಲಿಯಲ್ಲ. ದೇಹ ಸುಡುವಷ್ಟು ಬಿಸಿಯಾಗಿ ಪ್ರಜ್ಞೆ ತಪ್ಪುವಂತಾದರೆ ಅದು ಹೀಟ್ ಸ್ಟ್ರೋಕ್. ನೆರಳಿಗೆ ತಂದು ಮೈಗೆ ತಣ್ಣೀರು ಹಾಕಿ ಆಸ್ಪತ್ರೆಗೆ ಸಾಗಿಸಬೇಕೇ ಹೊರತು ಬಾಯಿಗೆ ಏನನ್ನೂ ಸುರಿಯಬಾರದು.

2024ರ ಹಜ್‌ನಲ್ಲಿ ಸೌದಿ ಸರಕಾರದ ಲೆಕ್ಕದ ಪ್ರಕಾರ 1,301 ಮಂದಿ ಮೃತಪಟ್ಟರು. ಹೆಚ್ಚಿನವರು ಅಧಿಕೃತ ಪರವಾನಿಗೆ ಇಲ್ಲದೆ, ನೆರಳಿನ ವ್ಯವಸ್ಥೆ ಸಿಗದೆ ಬಿಸಿಲಲ್ಲಿ ದೂರ ನಡೆದವರು. ಹಜ್‌ಗೆ ಹೊರಡುವ ಹಿರಿಯರ ಬ್ಯಾಗಿನಲ್ಲಿ ಓಆರ್‌ಎಸ್ ಪ್ಯಾಕೆಟ್ ಇರಲಿ, ಬಿಪಿ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ವೈದ್ಯರ ಜೊತೆ ಮಾತಾಡಿಕೊಳ್ಳಲಿ.

ನೋಂಬಿನ ವಿಷಯದಲ್ಲಿ ಗಾಬರಿ ಬೇಡ. ಆರೋಗ್ಯವಂತರ ಕಿಡ್ನಿ ಹಗಲಿಡೀ ನೀರು-ಲವಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಖರ್ಜೂರ, ಉಪ್ಪು ಹಾಕಿದ ನೋಂಬಿನ ಗಂಜಿ, ಹಣ್ಣು ಮತ್ತು ನೀರು ಉಳಿದ ಕೆಲಸ ಮಾಡುತ್ತವೆ. ಇಫ್ತಾರ್‌ನ ಟೇಬಲ್ ಮೇಲಿನ ಬಣ್ಣದ ಶರಬತ್ತು, ಕೋಲಾಗಳು ಆ ಗಂಜಿಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ಭೇದಿ-ವಾಂತಿ ಹಿಡಿದವರು ಹಟ ಮಾಡಬಾರದು. ಕಾಯಿಲೆಯವರು ಬೇರೆ ದಿನಗಳಲ್ಲಿ ಪೂರೈಸಲಿ ಎಂಬ ರಿಯಾಯಿತಿ ಕುರ್‌ಆನ್‌ನಲ್ಲೇ ಇದೆ.

ಮನೆಯಲ್ಲಿ ಏನು ಮಾಡಬೇಕು?

ಮೊದಲನೆಯದು, ಪ್ಯಾಕೆಟ್ ಗುರುತಿಸುವುದು. ಓಆರ್‌ಎಸ್ ಆಹಾರವಲ್ಲ, ಔಷಧ. ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಉಲ್ಲೇಖ, ‘ಐಪಿ’ ಎಂಬ ಗುರುತು, ಔಷಧ ತಯಾರಿಕೆಯ ಲೈಸನ್ಸ್ ಸಂಖ್ಯೆ ಇರುತ್ತದೆ. ಎಫ್‌ಎಸ್‌ಎಸ್‌ಎಐ ಲೋಗೊ ಇದ್ದರೆ ಅದು ಆಹಾರ ಪಾನೀಯ, ‘ಎಲೆಕ್ಟ್ರೋಲೈಟ್’ ಎಂದು ಎಷ್ಟೇ ದೊಡ್ಡದಾಗಿ ಬರೆದಿರಲಿ.

ಎರಡನೆಯದು ಅಳತೆ. ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಸಣ್ಣದು 200 ಮಿ.ಲೀ.ಗೆ. ದೊಡ್ಡ ಪ್ಯಾಕೆಟಿನ ಪುಡಿಯನ್ನು ಒಂದು ಗ್ಲಾಸಿಗೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಅಪಾಯ. ಕುದಿಸಿ ಆರಿಸಿದ ನೀರಲ್ಲಿ ಪೂರ್ತಿ ಪ್ಯಾಕೆಟ್ ಒಮ್ಮೆಲೇ ಬೆರೆಸಬೇಕು, 24 ಗಂಟೆ ಕಳೆದರೆ ಚೆಲ್ಲಬೇಕು. ಸಕ್ಕರೆ, ಜ್ಯೂಸ್ ಸೇರಿಸಬಾರದು. ಪ್ಯಾಕೆಟ್ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮೂರನೆಯದು, ಕುಡಿಸುವ ಕ್ರಮ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಬೇಕು. ಎದೆಹಾಲು ನಿಲ್ಲಿಸಬಾರದು. ವೈದ್ಯರು ಬರೆದ ಝಿಂಕ್ ಅನ್ನು ಭೇದಿ ನಿಂತರೂ 14 ದಿನ ಮುಗಿಸಬೇಕು. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಬೊಂಡ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಭೇದಿಯಲ್ಲಿ ಅದೊಂದೇ ಸಾಲದು. ಕಿಡ್ನಿ ಕಾಯಿಲೆ ಇರುವವರಿಗಂತೂ ಬೊಂಡವೂ ಓಆರ್‌ಎಸ್ಸೂ ವೈದ್ಯರನ್ನು ಕೇಳದೆ ಬೇಡ. ಯಾವ ಕಾಯಿಲೆಯೂ ಇಲ್ಲದವರು ದಿನಾ ಎಲೆಕ್ಟ್ರೋಲೈಟ್ ಕುಡಿಯುವ ಅಗತ್ಯವಿಲ್ಲ, ಊಟದಲ್ಲೇ ಅದು ಸಿಗುತ್ತದೆ.

ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಉಚಿತವಾಗಿ ಸಿಗುತ್ತದೆ. ರಕ್ತದಾನ ಶಿಬಿರ, ಆಂಬುಲೆನ್ಸ್ ಸೇವೆ ನಡೆಸುವ ಯುವಕರ ಸಂಘಟನೆಗಳಿಗೆ, ಜಮಾಅತ್ ಕಮಿಟಿಗಳಿಗೆ ಇದನ್ನು ಮನೆಮನೆಗೆ ಮುಟ್ಟಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮದ್ರಸದ ಪೋಷಕರ ಸಭೆಯಲ್ಲಿ ಒಂದು ಲೀಟರ್ ಬಾಟಲಿ, ಒಂದು ಪ್ಯಾಕೆಟ್ ಇಟ್ಟುಕೊಂಡು ಕಲಸಿ ತೋರಿಸಿದರೆ ಹತ್ತು ನಿಮಿಷದ ಕೆಲಸ. ಮಳೆಗಾಲಕ್ಕೆ ಮೊದಲು, ಬಾವಿ ನೀರು ಕೆಡುವ ಹೊತ್ತಿಗೆ, ಐದು ವರ್ಷದೊಳಗಿನ ಮಕ್ಕಳಿರುವ ಪ್ರತಿ ಮನೆಯಲ್ಲಿ ಎರಡು ಪ್ಯಾಕೆಟ್ ಇರುವಂತೆ ನೋಡಿಕೊಂಡರೆ, ಮಧ್ಯರಾತ್ರಿ ಮೆಡಿಕಲ್ ಹುಡುಕಿಕೊಂಡು ಓಡುವ ಪ್ರಸಂಗವೇ ಬರುವುದಿಲ್ಲ.