ಕಾಮೆಂಟ್‌ಗೆ ಮಾತ್ರ ಯಾಕೆ ಮಂಕು ಬಣ್ಣ?

ಎಡಿಟರ್ ಥೀಮ್ ಬದಲಾಯಿಸೋದು ನಮ್ಮ ಹಾಸ್ಟೆಲ್‌ನಲ್ಲಿ ಒಂದು ಚಟ. ಪರೀಕ್ಷೆ ಹತ್ತಿರ ಬಂದಷ್ಟೂ ಹೊಸ ಥೀಮ್‌ಗಳು ಜಾಸ್ತಿ! ಆದರೆ ಹೆಚ್ಚಿನವುಗಳಲ್ಲಿ ಒಂದು ವಿಷಯ ಬದಲಾಗಲ್ಲ. ಕೀವರ್ಡ್, ಸ್ಟ್ರಿಂಗ್, ಫಂಕ್ಷನ್ ಹೆಸರಿಗೆಲ್ಲ ಮದುವೆ ಮನೆಯ ಬಣ್ಣ, ಕಾಮೆಂಟ್‌ಗೆ ಮಾತ್ರ ಮಾಸಲು ಬೂದು.

ಇದು ತಲೆಕೆಳಗಾದ ಲೆಕ್ಕ ಅಂತೀವಿ ನಾವು. 'ಇಫ್', 'ಫಾರ್' ಹೊಳೆಯದಿದ್ದರೂ ಮೊದಲ ವರ್ಷದವರಿಗೂ ಗೊತ್ತಾಗುತ್ತೆ. "ಈ ಸೆನ್ಸರ್ ಕೊಡೋ ಮೊದಲ ಹತ್ತು ರೀಡಿಂಗ್ ನಂಬಬೇಡಿ" ಅಂತ ಸೀನಿಯರ್ ಬರೆದಿಟ್ಟು ಹೋದ ಮಾತು ಕೋಡ್ ನೋಡಿದರೆ ಹೊಳೆಯಲ್ಲ. ಅವರೋ ಈಗ ಕೆಲಸಕ್ಕೆ ಸೇರಿದ್ದಾರೆ, ಫೋನ್ ಎತ್ತಲ್ಲ. ಪ್ರಾಜೆಕ್ಟ್ ಮುಂದುವರಿಸೋರಿಗೆ ಆ ಒಂದು ಸಾಲೇ ಗತಿ, ಅದೇ ಕಣ್ಣಿಗೆ ಬೀಳಲ್ಲ.

ವೆಬ್ ಪುಟಗಳಿಗಿರುವ ಡಬ್ಲ್ಯೂಸಿಎಜಿ ಮಾನದಂಡ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಕೇಳುತ್ತದೆ. ಜನಪ್ರಿಯವಾದ ಸೋಲರೈಸ್ಡ್ ಡಾರ್ಕ್ ಥೀಮ್‌ನಲ್ಲಿ ಕಾಮೆಂಟ್‌ಗೆ ಸಿಗೋದು ಸುಮಾರು 2.8:1. ಲ್ಯಾಬ್‌ನ ಟರ್ಮಿನಲ್‌ನಲ್ಲಿ ವಿಮ್ ಇನ್ನೂ ಚೆಂದ. ಹಿನ್ನೆಲೆ ಬಿಳಿ ಅಂತ ಅದು ತಪ್ಪು ತಿಳಿದರೆ ಕಪ್ಪಿನ ಮೇಲೆ ಕಡುನೀಲಿ ಕಾಮೆಂಟ್! 'ಸೆಟ್ ಬ್ಯಾಕ್‌ಗ್ರೌಂಡ್=ಡಾರ್ಕ್' ಅಂದರೆ ದಾರಿಗೆ ಬರುತ್ತೆ.

ಕನ್ನಡದಲ್ಲಿ ಕಾಮೆಂಟ್ ಬರೆಯೋರ ಪಾಡು ಬೇರೆ. ಎಷ್ಟೋ ಥೀಮ್‌ಗಳು ಕಾಮೆಂಟನ್ನು ಇಟಾಲಿಕ್ ಮಾಡುತ್ತವೆ. ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ಇರಲ್ಲ, ಹಾಗಾಗಿ ನೆಟ್ಟಗಿನ ಅಕ್ಷರವನ್ನೇ ಎಳೆದು ಓರೆ ಮಾಡಿ ತೋರಿಸುತ್ತೆ. ಸಣ್ಣ ಗಾತ್ರದಲ್ಲಿ ಒತ್ತಕ್ಷರ ಯಾವುದು ಅಂತ ಕಣ್ಣು ಕಿರಿದು ಮಾಡಿ ಹುಡುಕಬೇಕು.

ಸರಿಪಡಿಸೋಕೆ ಹೊಸ ಥೀಮ್ ಬೇಕಿಲ್ಲ. ವಿಎಸ್ ಕೋಡ್‌ನ ಸೆಟ್ಟಿಂಗ್ಸ್ ಫೈಲ್‌ನಲ್ಲಿ 'ಎಡಿಟರ್ ಡಾಟ್ ಟೋಕನ್ ಕಲರ್ ಕಸ್ಟಮೈಸೇಶನ್ಸ್' ಅನ್ನೋ ಜಾಗ ಇದೆ. ಅದರೊಳಗೆ 'ಕಾಮೆಂಟ್ಸ್'ಗೆ ನಿಮ್ಮಿಷ್ಟದ ಬಣ್ಣ ಕೊಡಿ, 'ಫಾಂಟ್ ಸ್ಟೈಲ್' ಖಾಲಿ ಬಿಡಿ. ಉಳಿದ ಬಣ್ಣಗಳು ಹಾಗೇ ಇರುತ್ತವೆ, ಓರೆಯೂ ಹೋಗುತ್ತೆ.

"ಕಾಮೆಂಟ್ ಹಳತಾಗಿ ಸುಳ್ಳು ಹೇಳುತ್ತೆ, ಮಂಕಾಗೇ ಇರಲಿ" ಅನ್ನೋರಿದ್ದಾರೆ. ಸುಳ್ಳು ಎದ್ದು ಕಂಡರೆ ತಾನೇ ಯಾರಾದರೂ ಅದನ್ನು ತಿದ್ದೋದು? ನಮ್ಮ ಕ್ಲಬ್‌ನ ಪ್ರಾಜೆಕ್ಟ್ ಫೋಲ್ಡರ್‌ಗಳಲ್ಲಿ ಈ ಸೆಟ್ಟಿಂಗ್ ಈಗಾಗಲೇ ಹಾಕಿಟ್ಟಿದ್ದೀವಿ, ಕಾಮೆಂಟ್‌ಗೆ ಅರಿಶಿನ ಬಣ್ಣ. ಬಿಳಿ ಥೀಮ್ ಬಳಸೋ ಒಂದಿಬ್ಬರು ದಯವಿಟ್ಟು ಬೇರೆ ಬಣ್ಣ ಹಾಕಿಕೊಳ್ಳಿ.