ತುಂಗಭದ್ರೆಯ ಮೂಲಧನ

ತುಂಗಭದ್ರೆಯ ನೀರನ್ನು ಹಂಚಿಕೊಳ್ಳುವ ವಿಷಯದಲ್ಲಿ ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು ಮಾಡುವಷ್ಟು ಚರ್ಚೆಯನ್ನು ಆ ನೀರು ಹುಟ್ಟುವ ಬೆಟ್ಟದ ವಿಷಯದಲ್ಲಿ ಯಾರೂ ಮಾಡುವುದಿಲ್ಲ. ಫಲದ ಪಾಲಿಗಾಗಿ ವ್ಯಾಜ್ಯ ಹೂಡುವವರು ಮರದ ಬೇರನ್ನು ವಿಚಾರಿಸದಿರುವುದು ವಿವೇಕವೆನಿಸದು.

ಪಶ್ಚಿಮ ಘಟ್ಟದ ವರಾಹಪರ್ವತದಲ್ಲಿರುವ ಗಂಗಾಮೂಲವು ತುಂಗೆಗೂ ಭದ್ರೆಗೂ ಜನ್ಮಸ್ಥಾನ. ತುಂಗೆ 147 ಕಿಲೋಮೀಟರ್, ಭದ್ರೆ 171 ಕಿಲೋಮೀಟರ್ ಹರಿದು ಶಿವಮೊಗ್ಗೆಯ ಸಮೀಪದ ಕೂಡಲಿಯಲ್ಲಿ ಒಂದಾಗುತ್ತವೆ. ಕುದುರೆಮುಖದ ಆಸುಪಾಸಿನಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆಯಾದರೆ, ಇದೇ ನದಿಯನ್ನು ನಂಬಿರುವ ಬಳ್ಳಾರಿ, ರಾಯಚೂರುಗಳ ಬಯಲಿಗೆ ಅದರ ಹತ್ತರಲ್ಲೊಂದು ಪಾಲು ದೊರೆತರೆ ಹೆಚ್ಚು. ಬೆಟ್ಟದ ಮಳೆಯ ಬಹುಭಾಗವೂ ನಾಲ್ಕು ತಿಂಗಳಲ್ಲಿ ಸುರಿದುಹೋಗತಕ್ಕದ್ದು. ಅದನ್ನು ತಡೆದು, ನೆಲಕ್ಕಿಳಿಸಿ, ಬೇಸಗೆಯವರೆಗೂ ಒಸರುವಂತೆ ಮಾಡುವುವು ನೆತ್ತಿಯ ಹುಲ್ಲುಗಾವಲುಗಳೂ ಕಣಿವೆಯ ಶೋಲಾ ಕಾಡುಗಳೂ. ಹುಲ್ಲಿನ ಬೇರು ಮಣ್ಣನ್ನು ಬಿಗಿಹಿಡಿಯುತ್ತದೆ. ಕಾಡಿನ ತರಗು ನೀರನ್ನು ಹೀರಿಕೊಳ್ಳುತ್ತದೆ. ಯಾವ ಇಂಜಿನಿಯರನೂ ಕಟ್ಟದ, ಬೊಕ್ಕಸದಿಂದ ಒಂದು ಕಾಸೂ ವ್ಯಯವಾಗದ ಜಲಾಶಯವಿದು.

ಅದೇ ಬೆಟ್ಟದ ಒಡಲಲ್ಲಿ ಕಬ್ಬಿಣದ ಅದಿರೂ ಇದೆ. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಗಿ, 1976ರಲ್ಲಿ ಸರ್ಕಾರದ ಕಂಪೆನಿಯೊಂದು ಸ್ಥಾಪಿತವಾಯಿತು. ಬೆಟ್ಟವನ್ನು ಅಗೆದು, ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. 1979ರ ಕ್ರಾಂತಿಯ ತರುವಾಯ ಇರಾನ್ ಹಿಂದೆಗೆಯಿತು. ಸರಕು ಬೇರೆ ಪರದೇಶಗಳ ಪಾಲಾಯಿತು. ಮಣ್ಣು ನಮ್ಮದು, ಉಕ್ಕು ಪರರದು! 1987ರಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಸರ್ವೋಚ್ಚ ನ್ಯಾಯಾಲಯದ 2002ರ ಆಜ್ಞೆಯಂತೆ 2005ರ ಅಂತ್ಯಕ್ಕೆ ಗಣಿ ನಿಂತಿತು.

ದೇಶಕ್ಕೆ ಕಬ್ಬಿಣ ಬೇಡವೆಂದು ನಾವು ಹೇಳತಕ್ಕವರಲ್ಲ. 1923ರಲ್ಲಿಯೇ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದ ನಾಡು ನಮ್ಮದು. ಗಣಿಯನ್ನು ನಂಬಿದ್ದ ಸಂಸಾರಗಳ ಕಷ್ಟವೂ ಅಲ್ಪವಲ್ಲ. ಆದರೆ ಅದಿರು ಒಮ್ಮೆ ಮಾರಿದರೆ ಮುಗಿಯುವ ಸೊತ್ತು. ನೀರು ವರ್ಷವರ್ಷವೂ ಬಡ್ಡಿ ತರುವ ಮೂಲಧನ. ಬಡ್ಡಿಯಿಂದ ಬಾಳಬೇಕಾದವರು ಅಸಲನ್ನೇ ಕರಗಿಸಬಹುದೆ?

ಅಸಲು ಕರಗಿದರೆ ಏನಾಗುವುದೆಂಬುದಕ್ಕೆ ಹೊಸಪೇಟೆಯ ಜಲಾಶಯವೇ ಸಾಕ್ಷಿ. 1953ರಲ್ಲಿ ನೀರು ತುಂಬತೊಡಗಿದಾಗ ಅದರಲ್ಲಿ 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು; ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105 ಮಾತ್ರ. ಆ ಹೂಳೆಲ್ಲವೂ ಕುದುರೆಮುಖದ್ದೆಂದು ಹೇಳುವುದು ನ್ಯಾಯವಲ್ಲ. ನಡುವೆ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ, ದಾರಿಯುದ್ದಕ್ಕೂ ಹೊಲಗಳ ಮಣ್ಣೂ ಸೇರುತ್ತದೆ. ಆದರೆ ಮೇಲೆ ಸಡಿಲಿದ ಮಣ್ಣು ಕೆಳಗೆ ರೈತನ ನೀರಿನ ಜಾಗವನ್ನು ಕಸಿದುಕೊಳ್ಳುವುದೆಂಬ ನಿಯಮ ಎಲ್ಲೆಡೆಯೂ ಒಂದೇ.

ಆದಕಾರಣ ಸರ್ಕಾರದವರಲ್ಲಿ ನಮ್ಮ ಬಿನ್ನಹ ಮೂರು. ಆ ಬೆಟ್ಟದಲ್ಲಿ ಮತ್ತೆ ಗಣಿಗೆ, ಯಾವ ಹೆಸರಿನಲ್ಲಿಯೂ, ಅವಕಾಶ ಕೊಡಕೂಡದು. ಗಣಿಯ ಕೆಸರನ್ನು ಹಿಡಿದು ನಿಂತಿರುವ, ಸುಮಾರು 100 ಮೀಟರ್ ಎತ್ತರದ ಲಖ್ಯಾ ಅಣೆಕಟ್ಟಿನ ಪಹರೆ ಸಡಿಲವಾಗಕೂಡದು. ನಾಲೆಗಳಿಗೆ ವೆಚ್ಚಮಾಡುವ ಹಣದಲ್ಲಿ ಒಂದು ಗೊತ್ತಾದ ಪಾಲು ಹುಲ್ಲುಗಾವಲು, ಕಾಡುಗಳ ರಕ್ಷಣೆಗೆ ಸಲ್ಲಬೇಕು. ಆ ಕೆಲಸ ಮೊದಲು ಮಲೆನಾಡಿನ ಜನರ ಕೈಗೇ ದೊರೆಯಬೇಕು.

ಗಂಗಾಸ್ನಾನ, ತುಂಗಾಪಾನವೆಂದು ಹಿರಿಯರು ಹೇಳಿದರು. ಪಾನಕ್ಕೆ ತುಂಗೆ ಉಳಿಯಬೇಕಾದರೆ ಬಯಲಿನ ರೈತನೂ ಬೆಟ್ಟದ ಪರವಾಗಿ ದನಿಯೆತ್ತಬೇಕು. ಅದು ಅವನ ಗದ್ದೆಯ ಪ್ರಶ್ನೆಯೇ ಆಗಿದೆ.