ತಾಯಂದಿರ ಲಸಿಕೆ: ಗುರುವಾರದ ಕೂಲಿ, ಕುಬಸದ ಕಾರ್ಡು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ವಹಿವಾಟು ಬಿರುಸಾಗುವುದು ಸೋಮವಾರ ಮತ್ತು ಗುರುವಾರ. ನಮ್ಮ ರಾಜ್ಯದಲ್ಲಿ ಲಸಿಕೆ ಹಾಕುವ ವಾಡಿಕೆಯ ದಿನವೂ ಗುರುವಾರವೇ. ಸುಗ್ಗಿಯ ತಿಂಗಳುಗಳಲ್ಲಿ ಕಾಯಿಯ ತೊಟ್ಟು ಬಿಡಿಸಿ ದಿನಗೂಲಿ ಪಡೆಯುವ ಗರ್ಭಿಣಿಯು ಲಸಿಕೆಗೆ ಹೋದರೆ ಆ ದಿನದ ಕೂಲಿಯನ್ನು ಬಿಡಬೇಕಾಗುತ್ತದೆ. ರಾಣೇಬೆನ್ನೂರು ಭಾಗದ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಸ್ಥಿತಿಯೂ ಬೇರೆಯಲ್ಲ. ಅರಳಿದ ಹೂವು ಮರುದಿನಕ್ಕೆ ಕಾಯುವುದಿಲ್ಲ. ಲಸಿಕೆ ತಪ್ಪಿದಾಗಲೆಲ್ಲ ಅಜ್ಞಾನವೆಂದು ದೂರುವವರು ಈ ಲೆಕ್ಕವನ್ನು ನೋಡುವುದಿಲ್ಲ.

ಗರ್ಭಿಣಿಯರ ಲಸಿಕೆಯಿಂದ ಆದ ಉಪಕಾರ ಸಣ್ಣದಲ್ಲ. ಹೊಕ್ಕುಳ ಬಳ್ಳಿಯ ಗಾಯದಿಂದ ಧನುರ್ವಾಯು ತಗುಲಿ ಹಸುಗೂಸುಗಳು ತೀರಿಕೊಳ್ಳುತ್ತಿದ್ದುದನ್ನು ಹಿರಿಯರು ಬಲ್ಲರು. 2015ರಲ್ಲಿ ಭಾರತವು ತಾಯಿ ಹಾಗೂ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮಾನ್ಯತೆ ಪಡೆಯಿತು. ಆದರೂ ಆ ರೋಗಾಣು ಮಣ್ಣಿನಲ್ಲಿಯೇ ಇರುವುದರಿಂದ ಲಸಿಕೆಯನ್ನು ನಿಲ್ಲಿಸುವಂತಿಲ್ಲ. ಗರ್ಭ ನಿಂತದ್ದು ತಿಳಿದೊಡನೆ ಟಿ.ಡಿ. ಚುಚ್ಚುಮದ್ದು ಒಂದು, 4 ವಾರಗಳ ಬಳಿಕ ಇನ್ನೊಂದು. ಹಿಂದಿನ ಬಸಿರಿನಲ್ಲಿ ಎರಡೂ ಪಡೆದು 3 ವರ್ಷದೊಳಗೆ ಮತ್ತೆ ಬಸಿರಾದವರಿಗೆ ಒಂದೇ ಸಾಕು.

ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಸೀರೆ, ಬುತ್ತಿ ಎಲ್ಲವೂ ಜೊತೆಗೆ ಹೋಗುತ್ತವೆ, ತಾಯಿ ಕಾರ್ಡು ಮಾತ್ರ ಗಂಡನ ಮನೆಯ ಟ್ರಂಕಿನಲ್ಲಿ ಉಳಿಯುವುದುಂಟು. ಆಗ ತವರೂರಿನ ಆಶಾ ಕಾರ್ಯಕರ್ತೆಗೆ ಯಾವ ಚುಚ್ಚುಮದ್ದು ಆಗಿದೆಯೆಂಬುದೇ ತಿಳಿಯದು. ಕೂಸನ್ನು ನಾಯಿಕೆಮ್ಮಿನಿಂದ ಕಾಯುವ ಟಿಡ್ಯಾಪ್ ಲಸಿಕೆಯನ್ನು ವೈದ್ಯರು ಸೂಚಿಸುವುದೂ 27ರಿಂದ 36ನೆಯ ವಾರದೊಳಗೆ, ಎಂದರೆ ಕುಬಸದ ಹೊತ್ತಿಗೇ. ಸರ್ಕಾರದ ಉಚಿತ ಪಟ್ಟಿಯಲ್ಲಿರುವುದು ಟಿ.ಡಿ.; ಟಿಡ್ಯಾಪ್‌ಗೆ ಹಣ ತೆರಬೇಕಾಗುತ್ತದೆ.

ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುವುದು ಗರ್ಭಕ್ಕೆ ಮುಂಚಿನ ಕಾಲ. ಮೊದಲ ಮೂರು ತಿಂಗಳಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಅವಳಿಗೆ ಸಣ್ಣ ಜ್ವರ, ಮೈಮೇಲೆ ಗಂಧೆ, ಅಷ್ಟೇ. ಕೂಸು ಮಾತ್ರ ಕಿವುಡಾಗಿ, ಕಣ್ಣಿನಲ್ಲಿ ಪೊರೆಯೊಂದಿಗೆ ಅಥವಾ ಹೃದಯದ ದೋಷದೊಂದಿಗೆ ಹುಟ್ಟಬಹುದು. ಆ ಕೂಸಿನ ತಾಯಿಗೆ ಗ್ರಹಣ, ಶಾಪಗಳ ದೂಷಣೆ ಸಾಲದೆಂಬಂತೆ ಪೂರ್ವಕರ್ಮದ ಮಾತೂ ಸೇರಿಕೊಳ್ಳುತ್ತದೆ. ಗರ್ಭಿಣಿಗೆ ಈ ಲಸಿಕೆ ಕೊಡುವಂತಿಲ್ಲ. ಪಡೆದ ಮೇಲೂ ಒಂದು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ನಡೆದ ದಡಾರ-ರುಬೆಲ್ಲಾ ಅಭಿಯಾನವು 9 ತಿಂಗಳಿನಿಂದ 15 ವರ್ಷದೊಳಗಿನವರಿಗೆ ಸೀಮಿತವಾಗಿತ್ತು. ಅಂದು ಶಾಲೆಯಲ್ಲಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಹಲವರು ಈಗ ತಾಯಂದಿರು. ಅವರಿಗಿಂತ ತುಸು ಹಿರಿಯರಾದ ಅನೇಕರು ಹೊರಗುಳಿದರು.

ಮಠಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುತ್ತವೆ. ವಧುವಿನ ವಯಸ್ಸಿನ ದಾಖಲೆಯನ್ನು ಕೇಳುವ ನಾವು ರುಬೆಲ್ಲಾ ಲಸಿಕೆಯ ಮಾತನ್ನು ಎತ್ತಿದವರಲ್ಲ. ಇದು ನಮ್ಮದೇ ಲೋಪ. ಮದುವೆಗೆ ಷರತ್ತಾಗಿ ಅಲ್ಲ, ವೈದ್ಯರ ಬಳಿಗೆ ಕಳುಹಿಸುವ ನೆಪವಾಗಿ ಅರ್ಜಿಯಲ್ಲಿ ಆ ಪ್ರಶ್ನೆಗೊಂದು ಸಾಲು ಇರಲಿ. ಆಗಲೂ ತಪ್ಪಿದವರು ಹೆರಿಗೆಯಾದ ಮೇಲೆ ಪಡೆಯಬಹುದು. ಹಾಲುಣಿಸುವುದು ಅದಕ್ಕೆ ಅಡ್ಡಿಯಲ್ಲ.

ಬ್ಯಾಡಗಿಯ ವರ್ತಕರಲ್ಲಿ ನಮ್ಮ ಭಕ್ತರು ಅನೇಕರಿದ್ದಾರೆ. ಗರ್ಭಿಣಿಯೊಬ್ಬಳು ಗುರುವಾರ ಬೆಳಿಗ್ಗೆ ಎರಡು ತಾಸು ತಡವಾಗಿ ಬಂದರೆ ಅವಳ ಕೂಲಿಯನ್ನು ಕಡಿಯಬೇಡಿರೆಂದು ಅವರನ್ನು ಈ ಸುಗ್ಗಿಗೆ ಮುಂಚೆಯೇ ಕೇಳಿಕೊಳ್ಳುತ್ತಿದ್ದೇವೆ.